ಆ್ಯಪ್ ಸರ್ವರ್ ಮುಂದೆ ಇನ್ನೊಂದು ವೆಬ್ ಸರ್ವರ್ ಬೇಕಾ? ತೀರ್ಮಾನಿಸುವುದು ಹೇಗೆ, ಇಡುವುದು ಹೇಗೆ

"ನನ್ನ ಆ್ಯಪ್ ಸರ್ವರ್ ತಾನೇ ಬ್ರೌಸರ್‌ಗೆ ಉತ್ತರ ಕೊಡ್ತಿದೆ. ಮತ್ತೆ ಅದರ ಮುಂದೆ ಎಂಜಿನ್‌ಎಕ್ಸ್ ಯಾಕೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರು ಸಾಮಾನ್ಯವಾಗಿ ಆಗಲೇ ಇಬ್ಬರ ಸಲಹೆ ಕೇಳಿ ಗೊಂದಲದಲ್ಲಿರುತ್ತಾರೆ. ಒಬ್ಬರು "ಪ್ರೊಡಕ್ಷನ್ ಅಂದ್ರೆ ಮುಂದೆ ಒಂದು ಇರಲೇಬೇಕು" ಎಂದಿರುತ್ತಾರೆ. ಇನ್ನೊಬ್ಬರು "ಅದೆಲ್ಲ ಹಳೇ ಕಾಲದ್ದು, ಸುಮ್ನೆ ಕೆಲಸ ಜಾಸ್ತಿ" ಎಂದಿರುತ್ತಾರೆ.

ಇಬ್ಬರೂ ತಮ್ಮ ತಮ್ಮ ಸರ್ವರ್ ನೋಡಿಕೊಂಡು ಮಾತಾಡಿದ್ದಾರೆ, ಅಷ್ಟೇ. ನಿಮ್ಮ ಸರ್ವರ್‌ಗೆ ಯಾವುದು ಸರಿ ಎಂದು ಪತ್ತೆ ಮಾಡಲು ಮೊದಲ ಮೂರು ಹಂತ ಸಾಕು. ಬೇಕು ಎಂದಾದರೆ ಉಳಿದ ಹಂತಗಳನ್ನೂ ಓದಿ. ಮುಂದೆ ಒಂದು ಸರ್ವರ್ ಇಡುವುದು ಹತ್ತು ನಿಮಿಷದ ಕೆಲಸ. ಇಟ್ಟ ಮೇಲೆ ಹಿಂದಿನ ಆ್ಯಪ್‌ಗೆ ಹೊರಗಿನ ಜನರ ಮುಖ ಕಾಣದಂತಾಗುತ್ತದೆ ನೋಡಿ, ಎಡವಟ್ಟುಗಳೆಲ್ಲ ಹುಟ್ಟುವುದು ಅಲ್ಲಿಂದ. ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಪದಗಳು

ಆ್ಯಪ್ ಸರ್ವರ್ ಎಂದರೆ ನೀವು ಬರೆದ ಕೋಡನ್ನು ಓಡಿಸುವ ಪ್ರೋಗ್ರಾಂ. ಜಾವಾಕ್ಕೆ ಟಾಮ್‌ಕ್ಯಾಟ್, ಪೈಥಾನ್‌ಗೆ ಗುನಿಕಾರ್ನ್, ರೂಬಿಗೆ ಪ್ಯೂಮಾ ಹೀಗೆ. ನೋಡ್ ಮತ್ತು ಗೋ ಭಾಷೆಯಲ್ಲಿ ನಿಮ್ಮ ಪ್ರೋಗ್ರಾಮೇ ಸರ್ವರ್ ಕೂಡ ಆಗಿರುತ್ತದೆ.

ವೆಬ್ ಸರ್ವರ್ ಎಂದರೆ ಇಲ್ಲಿ ಎಂಜಿನ್‌ಎಕ್ಸ್, ಅಪಾಚೆ, ಕ್ಯಾಡಿ ತರಹದ್ದು. ಅದು ಹೊರಗಿನಿಂದ ಬಂದ ರಿಕ್ವೆಸ್ಟ್ ತೆಗೆದುಕೊಂಡು ಹಿಂದಿನ ಆ್ಯಪ್ ಸರ್ವರ್‌ಗೆ ದಾಟಿಸಿದರೆ ಆ ಕೆಲಸಕ್ಕೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. ಹಿಂದೆ ಕೂತಿರುವ ಆ್ಯಪ್ ಸರ್ವರ್‌ಗೆ ಅಪ್‌ಸ್ಟ್ರೀಮ್ ಎಂದು ಹೆಸರು. ಎರರ್ ಲಾಗ್‌ನಲ್ಲಿ ಈ ಪದ ನಿಮಗೆ ಪದೇಪದೇ ಸಿಗುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಕಾನ್ಫಿಗ್ ಸಾಲುಗಳ ಹೆಸರನ್ನು ಇಲ್ಲಿ ಓದುವ ಹಾಗೆಯೇ ಬರೆದಿದ್ದೇನೆ. ಎಂಜಿನ್‌ಎಕ್ಸ್ ಫೈಲಿನಲ್ಲಿ ಆ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ, ಸಾಲಿನ ಕೊನೆಗೆ ಸೆಮಿಕೋಲನ್ ಇರುತ್ತದೆ.

ಹಂತ 1: ಮುಂದೆ ಈಗಾಗಲೇ ಯಾರಾದರೂ ಇದ್ದಾರಾ ನೋಡಿ

ಇದನ್ನು ನೋಡದೇ ಕೆಲಸ ಶುರು ಮಾಡುವವರು ಬಹಳ. ನಿಮ್ಮ ಆ್ಯಪ್ ಯಾವುದೋ ಕ್ಲೌಡ್ ಸೇವೆಯ ಮೇಲೆ ಓಡುತ್ತಿದ್ದರೆ ಅಲ್ಲಿನ ಲೋಡ್ ಬ್ಯಾಲೆನ್ಸರ್ ಆಗಲೇ ಮುಂದೆ ನಿಂತಿರಬಹುದು. ಲೋಡ್ ಬ್ಯಾಲೆನ್ಸರ್ ಎಂದರೆ ಬಂದ ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಯಂತ್ರ. ಕುಬರ್ನೆಟಿಸ್ ಬಳಸುತ್ತಿದ್ದರೆ ಇನ್‌ಗ್ರೆಸ್ ಎಂಬ ಹೆಸರಿನಲ್ಲಿ ಅದೇ ಕೆಲಸದವನು ಇರುತ್ತಾನೆ. ಸಿಡಿಎನ್ (ಸೈಟಿನ ಫೈಲ್‌ಗಳ ನಕಲನ್ನು ಬಳಕೆದಾರರ ಹತ್ತಿರದ ಸರ್ವರ್‌ಗಳಿಂದ ಕೊಡುವ ಸೇವೆ) ಕೂಡ ಒಂದು ರಿವರ್ಸ್ ಪ್ರಾಕ್ಸಿಯೇ.

ಪರೀಕ್ಷೆ ಸುಲಭ. ಕರ್ಲ್ ಕಮಾಂಡ್‌ಗೆ ಹೈಫನ್ ದೊಡ್ಡ ಐ ಕೊಟ್ಟು ನಿಮ್ಮ ವಿಳಾಸ ತೆರೆಯಿರಿ. ಉತ್ತರದ ಹೆಡರ್‌ಗಳಲ್ಲಿ (ಪುಟದ ಜೊತೆ ಬರುವ ಮಾಹಿತಿಯ ಸಾಲುಗಳಲ್ಲಿ) 'ಸರ್ವರ್' ಅಥವಾ 'ವಯಾ' ಎಂಬ ಸಾಲಿನಲ್ಲಿ ನೀವು ಇಡದ ಯಾವುದಾದರೂ ಹೆಸರು ಕಂಡರೆ ಮುಂದೆ ಯಾರೋ ಇದ್ದಾರೆ. ಹೆಸರು ಕಾಣಲಿಲ್ಲ ಎಂದ ಮಾತ್ರಕ್ಕೆ ಯಾರೂ ಇಲ್ಲ ಎಂದಲ್ಲ, ಕೆಲವರು ಆ ಹೆಡರ್ ಅಳಿಸುತ್ತಾರೆ. ಅನುಮಾನವಿದ್ದರೆ ಆ್ಯಪ್ ಸರ್ವರ್‌ನ ಲಾಗ್ ನೋಡಿ. ಎಲ್ಲ ರಿಕ್ವೆಸ್ಟ್‌ಗಳೂ ಒಂದೆರಡೇ ಐಪಿ ವಿಳಾಸಗಳಿಂದ ಬರುತ್ತಿದ್ದರೆ ಮುಂದೆ ಒಬ್ಬರು ನಿಂತಿರುವುದು ಹೆಚ್ಚೂಕಡಿಮೆ ಖಾತ್ರಿ.

ಮುಂದೆ ಇರುವವರು ಟಿಎಲ್ಎಸ್, ಅಂದರೆ ಎಚ್‌ಟಿಟಿಪಿಎಸ್‌ನ ಗುಪ್ತೀಕರಣದ ಕೆಲಸ ಮಾಡುತ್ತಿದ್ದಾರೆ, ನಿಧಾನದ ಬಳಕೆದಾರರನ್ನೂ ಸಂಭಾಳಿಸುತ್ತಿದ್ದಾರೆ ಎಂದಾದರೆ ಇನ್ನೊಬ್ಬರನ್ನು ನಿಲ್ಲಿಸಬೇಡಿ. ಒಬ್ಬರ ಹಿಂದೆ ಒಬ್ಬರು ಮೂರು ಜನ ನಿಂತರೆ ಟೈಮ್‌ಔಟ್ ಯಾರದು, ಎರರ್ ಯಾರದು ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಹಂತ 2: ನಿಮ್ಮ ಆ್ಯಪ್ ಸರ್ವರ್ ಯಾವ ಬಗೆಯದ್ದು?

ತೀರ್ಮಾನ ನಿಂತಿರುವುದು ಇದರ ಮೇಲೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಉದಾಹರಣೆ. ಎರಡು ಕೋರ್ ಇರುವ ಯಂತ್ರ. ಗುನಿಕಾರ್ನ್‌ನ ದಾಖಲೆ ಹೇಳುವ ಲೆಕ್ಕದಂತೆ ಕೋರ್‌ಗಳ ಎರಡರಷ್ಟಕ್ಕೆ ಒಂದು ಸೇರಿಸಿ 5 ವರ್ಕರ್, ಅಂದರೆ ರಿಕ್ವೆಸ್ಟ್ ನೋಡಿಕೊಳ್ಳುವ 5 ಪ್ರೊಸೆಸ್, ಇಟ್ಟಿದ್ದೀರಿ. ಡಿಫಾಲ್ಟ್ ಆಗಿ ಬರುವ ಸಿಂಕ್ ವರ್ಕರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಈಗ ಒಬ್ಬರು ಮೊಬೈಲ್‌ನಿಂದ 2 ಎಂಬಿ ಫೋಟೋ ಕಳಿಸುತ್ತಿದ್ದಾರೆ. ಸಿಗ್ನಲ್ ಕಮ್ಮಿ, ಸೆಕೆಂಡಿಗೆ 20 ಕೆಬಿ ಹೋಗುತ್ತಿದೆ. ಫೋಟೋ ಪೂರ್ತಿ ಬರಲು ಸುಮಾರು 100 ಸೆಕೆಂಡ್ ಬೇಕು. ಅಷ್ಟೂ ಹೊತ್ತು ಒಂದು ವರ್ಕರ್ ಬೇರೇನೂ ಮಾಡದೆ ಕಾಯುತ್ತಾ ಕೂತಿರುತ್ತದೆ. ಇಂಥವರು ಐದು ಜನ ಒಟ್ಟಿಗೆ ಬಂದರೆ ನಿಮ್ಮ ಸೈಟ್ ಬಂದ್. ಸಿಪಿಯು ನೋಡಿದರೆ ಖಾಲಿ, ಮೆಮೊರಿ ಖಾಲಿ, ಆದರೂ ಪುಟ ತೆರೆಯುತ್ತಿಲ್ಲ.

ಇನ್ನೂ ಇದೆ. ಗುನಿಕಾರ್ನ್‌ನ ಡಿಫಾಲ್ಟ್ ಟೈಮ್‌ಔಟ್ 30 ಸೆಕೆಂಡ್. ಅಷ್ಟರಲ್ಲಿ ಸಿಂಕ್ ವರ್ಕರ್ ಕೆಲಸ ಮುಗಿಸಿ ಬರದಿದ್ದರೆ ಮೇಲಿನ ಮಾಸ್ಟರ್ ಅದನ್ನು ಕೊಂದು ಹೊಸದನ್ನು ಹುಟ್ಟಿಸುತ್ತದೆ. ಅಂದರೆ ಆ ಫೋಟೋ ಎಷ್ಟು ಸಲ ಪ್ರಯತ್ನಿಸಿದರೂ ಮೇಲೇರುವುದೇ ಇಲ್ಲ. ಲಾಗ್‌ನಲ್ಲಿ 'ವರ್ಕರ್ ಟೈಮ್‌ಔಟ್' ಎಂದು ಬಂದಿರುತ್ತದೆ, ನೀವು ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಇರುತ್ತೀರಿ.

ಮುಂದೆ ಎಂಜಿನ್‌ಎಕ್ಸ್ ಇದ್ದರೆ ಆ 100 ಸೆಕೆಂಡ್ ಕಾಯುವುದು ಅದು. ಪೂರ್ತಿ ಫೋಟೋ ತನ್ನ ಬಳಿ ಸೇರಿದ ಮೇಲೆ ವರ್ಕರ್‌ಗೆ ಒಂದೇ ಏಟಿಗೆ ಕೊಡುತ್ತದೆ. ವರ್ಕರ್ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಉತ್ತರ ಹೋಗುವಾಗಲೂ ಹಾಗೆಯೇ. ವರ್ಕರ್ ಉತ್ತರವನ್ನು ಎಂಜಿನ್‌ಎಕ್ಸ್ ಕೈಗೆ ಕೊಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ. ನಿಧಾನದ ಫೋನಿಗೆ ಚೂರುಚೂರಾಗಿ ತಲುಪಿಸುವುದು ಎಂಜಿನ್‌ಎಕ್ಸ್‌ನ ಪಾಡು. ಇದಕ್ಕೆ ಬಫರಿಂಗ್ ಎನ್ನುತ್ತಾರೆ. ಎಂಜಿನ್‌ಎಕ್ಸ್‌ನಲ್ಲಿ ಎರಡೂ ದಿಕ್ಕಿಗೆ ಇದು ಮೊದಲಿನಿಂದಲೇ ಆನ್ ಇರುತ್ತದೆ.

ಎಂಜಿನ್‌ಎಕ್ಸ್‌ಗೆ ಮಾತ್ರ ಕಾಯುವುದು ಯಾಕೆ ಕಷ್ಟವಲ್ಲ? ಅದು ಪ್ರತಿ ಕನೆಕ್ಷನ್‌ಗೆ ಒಂದು ಪ್ರೊಸೆಸ್ ಅಥವಾ ಥ್ರೆಡ್ ಮೀಸಲಿಡುವುದಿಲ್ಲ. ಒಂದೇ ಪ್ರೊಸೆಸ್ ಸಾವಿರಾರು ಕನೆಕ್ಷನ್‌ಗಳ ಮೇಲೆ ಕಣ್ಣಿಟ್ಟು, ಯಾವುದರಲ್ಲಿ ಡೇಟಾ ಬಂತೋ ಅದನ್ನು ಮಾತ್ರ ಮುಟ್ಟುತ್ತದೆ. ಒಂದು ಯಂತ್ರ ಒಟ್ಟಿಗೆ ಹತ್ತು ಸಾವಿರ ಕನೆಕ್ಷನ್ ಹಿಡಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲಿ 'ಸಿ10ಕೆ' ಎಂಬ ಹೆಸರಿನಲ್ಲಿ ಎತ್ತಿದ್ದರು. ಇಗೊರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಅದೇ ಪ್ರಶ್ನೆಗೆ ಬರೆದ ಉತ್ತರ.

ಈ ನಿಧಾನವನ್ನು ಬೇಕೆಂದೇ ಆಯುಧ ಮಾಡಿಕೊಳ್ಳುವವರೂ ಇದ್ದಾರೆ. 2009ರಲ್ಲಿ ಬಂದ ಸ್ಲೋಲೋರಿಸ್ ಎಂಬ ದಾಳಿ ಉಪಕರಣ ಮಾಡುತ್ತಿದ್ದದ್ದು ಇಷ್ಟೇ: ನೂರಾರು ಕನೆಕ್ಷನ್ ತೆರೆಯುವುದು, ಹೆಡರ್‌ಗಳನ್ನು ಚೂರುಚೂರಾಗಿ ಕಳಿಸುತ್ತಾ ಎಂದೂ ಮುಗಿಸದಿರುವುದು. ಒಂದೇ ಲ್ಯಾಪ್‌ಟಾಪ್ ಸಾಕಿತ್ತು.

ಈಗ ನಿಮ್ಮದು ಯಾವ ಬಗೆ ನೋಡಿಕೊಳ್ಳಿ.

ಗುನಿಕಾರ್ನ್ ಸಿಂಕ್ ವರ್ಕರ್ ಆಗಿದ್ದರೆ ಮುಂದೆ ಒಂದು ಬೇಕೇ ಬೇಕು. ಅವರ ದಾಖಲೆಯೇ ಹಾಗೆ ಹೇಳುತ್ತದೆ. ಪಿಎಚ್‌ಪಿ-ಎಫ್‌ಪಿಎಂ ಆಗಿದ್ದರೆ ಪ್ರಶ್ನೆಯೇ ಇಲ್ಲ, ಅದು ಎಚ್‌ಟಿಟಿಪಿ ಮಾತಾಡುವುದಿಲ್ಲ, ಫಾಸ್ಟ್‌ಸಿಜಿಐ ಮಾತ್ರ. ಟಾಮ್‌ಕ್ಯಾಟ್ ನಡುವಿನದು. ಈಗಿನ ಆವೃತ್ತಿಗಳು ಸುಮ್ಮನೆ ತೆರೆದಿಟ್ಟ ಕನೆಕ್ಷನ್‌ಗಳಿಗೆ ಥ್ರೆಡ್ ಹಿಡಿದಿಡುವುದಿಲ್ಲ. ಆದರೆ ಸಾಮಾನ್ಯ ಸರ್ವ್‌ಲೆಟ್ ಕೋಡ್ ಅಪ್‌ಲೋಡ್ ಓದುತ್ತಾ ಕೂತಾಗ ಒಂದು ಥ್ರೆಡ್ ಸಿಕ್ಕಿಹಾಕಿಕೊಳ್ಳುತ್ತದೆ. ಡಿಫಾಲ್ಟ್ ಥ್ರೆಡ್‌ಗಳು 200. ಕಚೇರಿಯ ಒಳಗೆ ಬಳಸುವ ಆ್ಯಪ್‌ಗೆ ಟಾಮ್‌ಕ್ಯಾಟ್ ಒಂದೇ ಸಾಕು. ಇಡೀ ಇಂಟರ್ನೆಟ್‌ಗೆ ತೆರೆದಿಡುವಾಗ ನಾನಾದರೆ ಮುಂದೆ ಒಂದು ಇಡುತ್ತೇನೆ. ನೋಡ್‌ಗೆ ಕಾಯುವುದು ಕಷ್ಟವಲ್ಲ, ಹಾಗಾಗಿ ಅಲ್ಲಿ ಕಾರಣ ಬೇರೆ, ಮುಂದಿನ ಹಂತದಲ್ಲಿ ಬರುತ್ತದೆ. ಗೋ ಭಾಷೆಯ ಸರ್ವರ್ ಒಂಟಿಯಾಗಿ ಹೊರಗೆ ನಿಲ್ಲಬಲ್ಲದು. ಆದರೆ ಅದರ ಎಚ್‌ಟಿಟಿಪಿ ಸರ್ವರ್‌ನಲ್ಲಿ ರೀಡ್ ಟೈಮ್‌ಔಟ್, ರೈಟ್ ಟೈಮ್‌ಔಟ್ ಎರಡೂ ಡಿಫಾಲ್ಟ್ ಆಗಿ ಇರುವುದಿಲ್ಲ. ನೀವೇ ಇಡಬೇಕು.

ಹಂತ 3: ಉಳಿದ ಕಾರಣಗಳನ್ನು ತೂಗಿ ನೋಡಿ

"ಚಿತ್ರ, ಸಿಎಸ್‌ಎಸ್ ಫೈಲ್‌ಗಳನ್ನು ವೆಬ್ ಸರ್ವರ್ ಬೇಗ ಕೊಡುತ್ತದೆ" ಎಂಬುದು ಎಲ್ಲರೂ ಮೊದಲು ಹೇಳುವ ಕಾರಣ. ನಿಜ, ಆದರೆ ಈಗ ಅದೇ ದೊಡ್ಡ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಆ ಫೈಲ್‌ಗಳು ಬಹಳ ಕಡೆ ಸಿಡಿಎನ್‌ನಿಂದ ಹೋಗುತ್ತಿವೆ.

ನಿಜವಾಗಿ ತೂಕವಿರುವ ಕಾರಣಗಳು ಇವು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಸಾಮಾನ್ಯವಾಗಿ ರೂಟ್, ಅಂದರೆ ಇಡೀ ಯಂತ್ರದ ಮೇಲೆ ಹಿಡಿತವಿರುವ ಬಳಕೆದಾರನ, ಅಧಿಕಾರ ಬೇಕು. 80 ಮತ್ತು 443 ಬೇಕು ಎಂದು ನಿಮ್ಮ ಆ್ಯಪ್ ಅನ್ನು ರೂಟ್ ಆಗಿ ಓಡಿಸಿದರೆ, ಕೋಡ್‌ನಲ್ಲಿ ಒಂದು ತೂತು ಸಿಕ್ಕಿದವನಿಗೆ ಇಡೀ ಯಂತ್ರ ಸಿಕ್ಕ ಹಾಗೆ. ಎಂಜಿನ್‌ಎಕ್ಸ್ ರೂಟ್ ಆಗಿ ಶುರುವಾಗಿ ಪೋರ್ಟ್ ಹಿಡಿದು, ರಿಕ್ವೆಸ್ಟ್ ಮುಟ್ಟುವ ವರ್ಕರ್‌ಗಳನ್ನು ಅಧಿಕಾರವಿಲ್ಲದ ಬಳಕೆದಾರನಾಗಿ ಓಡಿಸುತ್ತದೆ. ಎರಡನೆಯದು, ಒಂದೇ ಐಪಿಯ ಮೇಲೆ ಎರಡು ಮೂರು ಆ್ಯಪ್‌ಗಳು ಇದ್ದರೆ ಹೆಸರು ನೋಡಿ ಹಂಚಲು ಒಬ್ಬರು ಬೇಕೇ ಬೇಕು. ಮೂರನೆಯದು, ಆ್ಯಪ್ ರೀಸ್ಟಾರ್ಟ್ ಆಗುವ ಆ ಕೆಲವು ಸೆಕೆಂಡ್ ಬಳಕೆದಾರರಿಗೆ ಬ್ರೌಸರ್‌ನ ಒರಟು ಎರರ್ ಬದಲು ನಿಮ್ಮ ಪುಟ ತೋರಿಸಬಹುದು. ನಾಲ್ಕನೆಯದು ಸರ್ಟಿಫಿಕೇಟ್. ಟಿಎಲ್ಎಸ್ ಸರ್ಟಿಫಿಕೇಟ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವುದು ಪ್ರತಿ ಆ್ಯಪ್‌ನಲ್ಲೂ ಇಡುವುದಕ್ಕಿಂತ ಎಷ್ಟೋ ಹಗುರ.

ಬೇಡ ಎನ್ನಲೂ ಕಾರಣವಿದೆ. ಕೆಡಬಹುದಾದ ವಸ್ತು ಒಂದು ಹೆಚ್ಚಾಗುತ್ತದೆ, ಅಪ್‌ಡೇಟ್ ಮಾಡಬೇಕಾದದ್ದು ಒಂದು ಹೆಚ್ಚಾಗುತ್ತದೆ, ಲಾಗ್ ಎರಡಾಗುತ್ತದೆ. ಒಳಗಿನ ಬಳಕೆಯ, ಹತ್ತಿಪ್ಪತ್ತು ಜನರ ಒಂದೇ ಆ್ಯಪ್ ಆಗಿದ್ದರೆ ಸುಮ್ಮನೆ ಬಿಟ್ಟುಬಿಡಿ. ವೇಗ ಹೆಚ್ಚುತ್ತದೆ ಎಂಬ ಆಸೆಯಿಂದ ಮಾತ್ರ ಇಡಬೇಡಿ. ನಿಮ್ಮ ಡೇಟಾಬೇಸ್ ಕ್ವೆರಿ ಮೂರು ಸೆಕೆಂಡ್ ತೆಗೆದುಕೊಂಡರೆ ಮುಂದೆ ಯಾರು ನಿಂತರೂ ಅದು ಮೂರೇ ಸೆಕೆಂಡ್.

ಹಂತ 4: ಯಾವುದನ್ನು ಇಡಬೇಕು?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ತಂಡದಲ್ಲಿ ಯಾರಿಗಾದರೂ ಈಗಾಗಲೇ ಗೊತ್ತಿರುವುದು ಯಾವುದೋ ಅದು. ಯಾರಿಗೂ ಗೊತ್ತಿಲ್ಲ, ಸೈಟ್ ಚಿಕ್ಕದು ಎಂದಾದರೆ ಕ್ಯಾಡಿ ಒಳ್ಳೆಯದು. ಸರ್ಟಿಫಿಕೇಟ್ ತಾನೇ ತಂದು ತಾನೇ ನವೀಕರಿಸುತ್ತದೆ. ಹಂಚುವ ಕೆಲಸವೇ ಮುಖ್ಯವಾದರೆ ಎಚ್‌ಎಪ್ರಾಕ್ಸಿ, ಆದರೆ ಅದು ಡಿಸ್ಕ್‌ನಿಂದ ಫೈಲ್ ಬಡಿಸುವ ಸರ್ವರ್ ಅಲ್ಲ. ಅಪಾಚೆ ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮುಂದಿನ ಹಂತಗಳಲ್ಲಿ ಎಂಜಿನ್‌ಎಕ್ಸ್ ಹೆಸರನ್ನೇ ಬಳಸುತ್ತೇನೆ, ಜಾಸ್ತಿ ಪ್ರಶ್ನೆಗಳು ಬರುವುದು ಅದರ ಬಗ್ಗೆಯೇ.

ಹಂತ 5: ಆ್ಯಪ್ ಸರ್ವರ್ ಅನ್ನು ಒಳಗೆ ಕೂರಿಸಿ

ಮುಂದೆ ಕಾವಲು ಇಟ್ಟು ಹಿಂಬಾಗಿಲು ತೆರೆದಿಟ್ಟರೆ ಏನು ಬಂತು? ಆ್ಯಪ್ ಸರ್ವರ್ 0.0.0.0 ಮೇಲೆ ಕೇಳುತ್ತಿದ್ದರೆ ಹೊರಗಿನವರು 8080 ಅಥವಾ 8000 ಪೋರ್ಟ್‌ಗೆ ನೇರವಾಗಿ ಬರಬಹುದು. ಅದನ್ನು 127.0.0.1ಕ್ಕೆ ಬದಲಿಸಿ. ಆ ವಿಳಾಸ ಅದೇ ಯಂತ್ರದ ಒಳಗಿನವರಿಗೆ ಮಾತ್ರ ಕಾಣುತ್ತದೆ. ಬದಲಿಸಿದ ಮೇಲೆ 'ಎಸ್‌ಎಸ್' ಕಮಾಂಡ್‌ಗೆ ಹೈಫನ್ ಟಿಎಲ್‌ಎನ್‌ಪಿ ಕೊಟ್ಟು ಪಟ್ಟಿ ನೋಡಿ. ನಿಮ್ಮ ಪೋರ್ಟ್ ಮುಂದೆ 127.0.0.1 ಇರಬೇಕು, ನಕ್ಷತ್ರ ಚಿಹ್ನೆಯಾಗಲಿ ಸೊನ್ನೆಗಳಾಗಲಿ ಇರಬಾರದು.

ಇಲ್ಲಿ ಎರಡು ಗುಂಡಿಗಳಿವೆ.

ಡಾಕರ್ ಬಳಸುವವರಿಗೆ: ಪೋರ್ಟ್ ತೆರೆಯುವಾಗ '8000:8000' ಎಂದು ಬರೆದರೆ ಅದು ಎಲ್ಲ ವಿಳಾಸಗಳ ಮೇಲೂ ತೆರೆಯುತ್ತದೆ. ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಮುಚ್ಚಿದ್ದರೂ ಪ್ರಯೋಜನವಿಲ್ಲ. ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಮೂಲ ಫೈರ್‌ವಾಲ್‌ಗೆ) ಬರೆಯುತ್ತದೆ, ಯುಎಫ್‌ಡಬ್ಲ್ಯು ನಿಯಮಗಳ ಸರದಿ ಬರುವುದೇ ಇಲ್ಲ. '127.0.0.1:8000:8000' ಎಂದು ಬರೆಯಿರಿ. ಕಂಟೇನರ್ ಒಳಗಿನ ಆ್ಯಪ್ ಮಾತ್ರ 0.0.0.0 ಮೇಲೆಯೇ ಕೇಳಬೇಕು, ಅದನ್ನೂ 127.0.0.1 ಮಾಡಿದರೆ ಯಾರಿಗೂ ಸಿಗುವುದಿಲ್ಲ.

ಹಳೆಯ ಟಾಮ್‌ಕ್ಯಾಟ್ ಇಟ್ಟುಕೊಂಡವರಿಗೆ: 8009 ಪೋರ್ಟ್‌ನಲ್ಲಿ ಎಜೆಪಿ ಎಂಬ ಇನ್ನೊಂದು ಬಾಗಿಲು ಡಿಫಾಲ್ಟ್ ಆಗಿ ತೆರೆದಿರುತ್ತಿತ್ತು. ಅಪಾಚೆ ಜೊತೆ ಮಾತಾಡಲು ಮಾಡಿದ್ದು ಅದು. 2020ರ ಫೆಬ್ರವರಿಯಲ್ಲಿ ಬಯಲಾದ ಘೋಸ್ಟ್‌ಕ್ಯಾಟ್ ದೋಷದಲ್ಲಿ ಹೊರಗಿನವರು ಇದೇ ಬಾಗಿಲಿನಿಂದ ಆ್ಯಪ್‌ನ ಒಳಗಿನ ಕಾನ್ಫಿಗ್ ಫೈಲ್‌ಗಳನ್ನು ಓದಬಹುದಿತ್ತು. ಎಜೆಪಿ ಬಳಸುತ್ತಿಲ್ಲವಾದರೆ 'ಸರ್ವರ್ ಡಾಟ್ ಎಕ್ಸ್‌ಎಂಎಲ್' ಫೈಲಿನಿಂದ ಆ ಕನೆಕ್ಟರ್ ತೆಗೆದುಹಾಕಿ, ಟಾಮ್‌ಕ್ಯಾಟ್ ಅಪ್‌ಡೇಟ್ ಮಾಡಿ.

ಹಂತ 6: ಮುಂದಿನ ಸರ್ವರ್‌ನಿಂದ ದಾರಿ ಹಾಕಿ

ಎಂಜಿನ್‌ಎಕ್ಸ್‌ನಲ್ಲಿ ಒಂದು 'ಸರ್ವರ್' ಬ್ಲಾಕ್ ಬರೆದು, ಅದರೊಳಗೆ 'ಲೊಕೇಶನ್' ಬ್ಲಾಕ್‌ನಲ್ಲಿ 'ಪ್ರಾಕ್ಸಿ ಪಾಸ್' ಸಾಲು ಹಾಕಿ ಆ್ಯಪ್‌ನ ವಿಳಾಸ ಕೊಡಿ. ವಿಳಾಸಕ್ಕೆ ಲೋಕಲ್‌ಹೋಸ್ಟ್ ಎಂದು ಬರೆಯುವ ಬದಲು 127.0.0.1 ಎಂದೇ ಬರೆಯಿರಿ. ಲೋಕಲ್‌ಹೋಸ್ಟ್ ಕೆಲವು ಯಂತ್ರಗಳಲ್ಲಿ ಐಪಿವಿ6 ವಿಳಾಸಕ್ಕೂ ಹೋಗುತ್ತದೆ, ನಿಮ್ಮ ಆ್ಯಪ್ ಅಲ್ಲಿ ಕೇಳುತ್ತಿರುವುದಿಲ್ಲ.

ಕೊನೆಯ ಒಂದು ಸ್ಲ್ಯಾಷ್ ಎಷ್ಟು ಜನರ ಸಂಜೆ ಹಾಳು ಮಾಡಿದೆಯೋ ಲೆಕ್ಕವಿಲ್ಲ. ಲೊಕೇಶನ್ '/ಎಪಿಐ/' ಎಂದಿಟ್ಟುಕೊಳ್ಳಿ. ಪ್ರಾಕ್ಸಿ ಪಾಸ್ ವಿಳಾಸ ಪೋರ್ಟ್ ನಂಬರ್‌ಗೇ ಮುಗಿದರೆ, '/ಎಪಿಐ/ಯೂಸರ್ಸ್' ಎಂಬ ರಿಕ್ವೆಸ್ಟ್ ಹಾಗೆಯೇ ಆ್ಯಪ್‌ಗೆ ಹೋಗುತ್ತದೆ. ಪೋರ್ಟ್ ನಂತರ ಒಂದು ಸ್ಲ್ಯಾಷ್ ಹಾಕಿದರೆ '/ಎಪಿಐ/' ಕತ್ತರಿಸಿ ಬರೀ '/ಯೂಸರ್ಸ್' ಹೋಗುತ್ತದೆ. ಎರಡೂ ತಪ್ಪಲ್ಲ. ನಿಮ್ಮ ಆ್ಯಪ್ ಯಾವುದನ್ನು ನಿರೀಕ್ಷಿಸುತ್ತದೆ ಎಂದು ನೋಡಿ ಹಾಕಿ. ಎಲ್ಲ ಸರಿ ಇದ್ದೂ 404 ಬರುತ್ತಿದ್ದರೆ ಮೊದಲು ಇದನ್ನೇ ನೋಡಿ.

ಸ್ಟ್ಯಾಟಿಕ್ ಫೈಲ್‌ಗಳನ್ನೂ ಇಲ್ಲಿಂದಲೇ ಕೊಡುವುದಾದರೆ, 'ರೂಟ್' ಮತ್ತು 'ಅಲಿಯಾಸ್' ಎಂಬ ಎರಡು ಸೂಚನೆಗಳ ವ್ಯತ್ಯಾಸ ತಿಳಿದಿರಲಿ. ರೂಟ್ ಕೊಟ್ಟ ದಾರಿಗೆ ಲೊಕೇಶನ್‌ನ ಹೆಸರು ಕೂಡಿಕೊಳ್ಳುತ್ತದೆ, ಅಲಿಯಾಸ್‌ನಲ್ಲಿ ಅದರ ಬದಲಿಗೆ ಕೂರುತ್ತದೆ. ಫೈಲ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್ ಒಳಗೆ ಇಡಬೇಡಿ. ಎಂಜಿನ್‌ಎಕ್ಸ್‌ನ ಬಳಕೆದಾರನಿಗೆ ಆ ಫೋಲ್ಡರ್ ದಾಟುವ ಅನುಮತಿ ಇರದಿದ್ದರೆ 403 ಬರುತ್ತದೆ.

ಪ್ರತಿ ಬದಲಾವಣೆಯ ನಂತರ 'ಎಂಜಿನ್‌ಎಕ್ಸ್ ಹೈಫನ್ ಟಿ' ಓಡಿಸಿ. ಅದು ಫೈಲ್ ಸರಿ ಇದೆಯಾ ಎಂದು ನೋಡುತ್ತದೆ. ಆಮೇಲೆ ರೀಸ್ಟಾರ್ಟ್ ಬೇಡ, ರೀಲೋಡ್ ಸಾಕು. ನಡೆಯುತ್ತಿರುವ ಕನೆಕ್ಷನ್‌ಗಳು ಕಡಿಯುವುದಿಲ್ಲ.

ಹಂತ 7: ಬಂದವರು ಯಾರೆಂದು ಆ್ಯಪ್‌ಗೆ ತಿಳಿಸಿ

ಈಗ ನಿಮ್ಮ ಆ್ಯಪ್ ಮಾತಾಡುತ್ತಿರುವುದು ಎಂಜಿನ್‌ಎಕ್ಸ್ ಜೊತೆ ಮಾತ್ರ. ಅದರ ದೃಷ್ಟಿಯಲ್ಲಿ ಜಗತ್ತಿನ ಎಲ್ಲರೂ 127.0.0.1ರಿಂದ ಬರುತ್ತಾರೆ, ಎಲ್ಲರೂ ಎಚ್‌ಟಿಟಿಪಿಯಲ್ಲೇ ಬರುತ್ತಾರೆ, ಎಲ್ಲರೂ ಕೇಳುವ ಸೈಟಿನ ಹೆಸರು '127.0.0.1:8000'. ಮೂರೂ ಸುಳ್ಳು. ಮೂರನ್ನೂ ಹೆಡರ್ ಮೂಲಕ ಸರಿಪಡಿಸಬೇಕು.

ನಾನೊಮ್ಮೆ ಇದನ್ನು ಮರೆತಿದ್ದೆ. ಲಾಗಿನ್ ಪುಟದಲ್ಲಿ ಒಂದೇ ಐಪಿಯಿಂದ ಐದು ಸಲ ತಪ್ಪು ಪಾಸ್‌ವರ್ಡ್ ಬಂದರೆ ಹದಿನೈದು ನಿಮಿಷ ತಡೆ ಎಂಬ ನಿಯಮವಿತ್ತು. ಎಂಜಿನ್‌ಎಕ್ಸ್ ಇಟ್ಟ ಮರುದಿನ ಯಾರೋ ಐದು ಸಲ ತಪ್ಪು ಟೈಪ್ ಮಾಡಿದರು. ಆ್ಯಪ್ 127.0.0.1 ಅನ್ನು ತಡೆಯಿತು. ಅಂದರೆ ಎಲ್ಲರನ್ನೂ.

ಮಾಡಬೇಕಾದದ್ದು ಎರಡು ಕಡೆ ಇದೆ. ಮುಂದಿನ ಸರ್ವರ್ ಹೇಳಬೇಕು, ಹಿಂದಿನ ಆ್ಯಪ್ ನಂಬಬೇಕು. ಬಹಳ ಜನ ಮೊದಲನೆಯದನ್ನು ಮಾತ್ರ ಮಾಡಿ ನಿಲ್ಲಿಸುತ್ತಾರೆ.

ಎಂಜಿನ್‌ಎಕ್ಸ್ ಕಡೆ 'ಪ್ರಾಕ್ಸಿ ಸೆಟ್ ಹೆಡರ್' ಸೂಚನೆಯಿಂದ ಮೂರು ಹೆಡರ್ ಕಳಿಸಿ. 'ಹೋಸ್ಟ್'ಗೆ ಬಳಕೆದಾರ ಕೇಳಿದ ಸೈಟಿನ ಹೆಸರು. 'ಎಕ್ಸ್-ಫಾರ್ವರ್ಡೆಡ್-ಫಾರ್'ಗೆ ಬಳಕೆದಾರನ ಐಪಿ. 'ಎಕ್ಸ್-ಫಾರ್ವರ್ಡೆಡ್-ಪ್ರೋಟೋ'ಗೆ ಅವರು ಬಂದದ್ದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದು.

ಆ್ಯಪ್ ಕಡೆ ಪ್ರತಿಯೊಂದಕ್ಕೂ ಅದರದೇ ಸ್ವಿಚ್ ಇದೆ. ಎಕ್ಸ್‌ಪ್ರೆಸ್‌ನಲ್ಲಿ 'ಟ್ರಸ್ಟ್ ಪ್ರಾಕ್ಸಿ'. ಟಾಮ್‌ಕ್ಯಾಟ್‌ನಲ್ಲಿ 'ರಿಮೋಟ್ ಐಪಿ ವಾಲ್ವ್'. ಸ್ಪ್ರಿಂಗ್ ಬೂಟ್‌ನಲ್ಲಿ 'ಫಾರ್ವರ್ಡ್ ಹೆಡರ್ಸ್ ಸ್ಟ್ರಾಟೆಜಿ'. ಜಾಂಗೋದಲ್ಲಿ 'ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್', ಜೊತೆಗೆ 'ಅಲೌಡ್ ಹೋಸ್ಟ್ಸ್' ಪಟ್ಟಿಯಲ್ಲಿ ನಿಮ್ಮ ಸೈಟಿನ ಹೆಸರು.

ಪ್ರೋಟೋ ಹೆಡರ್ ಮರೆತರೆ ಏನಾಗುತ್ತದೆ ಗೊತ್ತಾ? ಆ್ಯಪ್‌ನಲ್ಲಿ "ಎಚ್‌ಟಿಟಿಪಿಯಲ್ಲಿ ಬಂದವರನ್ನು ಎಚ್‌ಟಿಟಿಪಿಎಸ್‌ಗೆ ಕಳಿಸು" ಎಂದು ಬರೆದಿರುತ್ತೀರಿ. ಬಳಕೆದಾರ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತಾನೆ. ಎಂಜಿನ್‌ಎಕ್ಸ್ ಅದನ್ನು ಬಿಚ್ಚಿ ಎಚ್‌ಟಿಟಿಪಿಯಲ್ಲಿ ಒಳಗೆ ಕೊಡುತ್ತದೆ. ಆ್ಯಪ್ "ಎಚ್‌ಟಿಟಿಪಿಎಸ್‌ನಲ್ಲಿ ಬಾ" ಎನ್ನುತ್ತದೆ. ಅವನು ಮತ್ತೆ ಬರುತ್ತಾನೆ, ಇದು ಮತ್ತೆ ಅದನ್ನೇ ಹೇಳುತ್ತದೆ. ಕೊನೆಗೆ ಬ್ರೌಸರ್ ಸುಸ್ತಾಗಿ 'ಟೂ ಮೆನಿ ರಿಡೈರೆಕ್ಟ್ಸ್' ಎಂದು ಕೈಚೆಲ್ಲುತ್ತದೆ.

ಒಂದು ಭದ್ರತೆಯ ಮಾತು, ದಯವಿಟ್ಟು ಹಾರಿಸಬೇಡಿ. ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಅನ್ನು ಯಾರು ಬೇಕಾದರೂ ತಮ್ಮ ಕಡೆಯಿಂದಲೇ ಬರೆದು ಕಳಿಸಬಹುದು. ಅಂತರ್ಜಾಲದಲ್ಲಿ ಎಲ್ಲೆಡೆ ಕಾಣುವ ಎಂಜಿನ್‌ಎಕ್ಸ್ ಮಾದರಿ, ಬಂದ ಹೆಡರ್‌ನ ಕೊನೆಗೆ ನಿಜವಾದ ಐಪಿ ಸೇರಿಸುತ್ತದೆಯೇ ಹೊರತು ಹಳೆಯದನ್ನು ಅಳಿಸುವುದಿಲ್ಲ. ನಿಮ್ಮ ಕೋಡ್ ಎಡಗಡೆಯ ಮೊದಲ ವಿಳಾಸ ತೆಗೆದುಕೊಂಡರೆ ಅದು ಕಿಡಿಗೇಡಿ ಬರೆದ ಸುಳ್ಳಾಗಿರಬಹುದು. ನಿಮ್ಮ ಎಂಜಿನ್‌ಎಕ್ಸ್ ಮುಂದೆ ಬೇರೆ ಯಾರೂ ಇಲ್ಲ ಎಂದಾದರೆ ಬಂದದ್ದನ್ನು ಬಿಸಾಡಿ, 'ರಿಮೋಟ್ ಅಡ್ರೆಸ್' ಒಂದನ್ನೇ ಆ ಹೆಡರ್‌ಗೆ ಇಡಿ. ಎಕ್ಸ್‌ಪ್ರೆಸ್‌ನಲ್ಲೂ ಟ್ರಸ್ಟ್ ಪ್ರಾಕ್ಸಿಗೆ 'ಟ್ರೂ' ಕೊಟ್ಟು ಎಲ್ಲರನ್ನೂ ನಂಬುವ ಬದಲು 'ಲೂಪ್‌ಬ್ಯಾಕ್' ಎಂದು ಕೊಡಿ. ಹಂತ 5ರಲ್ಲಿ ಹಿಂಬಾಗಿಲು ಮುಚ್ಚಿ ಎಂದದ್ದು ಇದಕ್ಕೂ ಹೌದು. ಆ್ಯಪ್‌ಗೆ ನೇರ ಬರಲು ಸಾಧ್ಯವಾದರೆ ಈ ನಂಬಿಕೆಯೇ ತೂತು.

ಹಂತ 8: ಮಿತಿಗಳನ್ನು ಹೊಂದಿಸಿ

ಆ್ಯಪ್‌ಗೆ ಅದರದೇ ಮಿತಿಗಳಿದ್ದವು. ಈಗ ಅದರ ಮುಂದೆ ಇನ್ನೊಂದು ಜೊತೆ ಬಂದು ಕೂತಿದೆ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಡೆಯುತ್ತದೆ.

ಎಂಜಿನ್‌ಎಕ್ಸ್‌ನ ಡಿಫಾಲ್ಟ್ ಅಪ್‌ಲೋಡ್ ಮಿತಿ 1 ಎಂಬಿ. ಹಂತ 2ರ ಆ 2 ಎಂಬಿ ಫೋಟೋ ನೆನಪಿದೆಯಲ್ಲ? ಅದು ಆ್ಯಪ್ ತಲುಪುವ ಮೊದಲೇ 413 ಎರರ್‌ನೊಂದಿಗೆ ವಾಪಸ್ ಹೋಗುತ್ತದೆ. 'ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್' ಹೆಚ್ಚಿಸಿ, ಆದರೆ ಬೇಕಾದ ಲೊಕೇಶನ್‌ಗೆ ಮಾತ್ರ.

ಆ್ಯಪ್ 60 ಸೆಕೆಂಡ್ ಒಂದು ಬೈಟ್ ಕೂಡ ಕಳಿಸದಿದ್ದರೆ ಎಂಜಿನ್‌ಎಕ್ಸ್ 504 ಕೊಟ್ಟು ಕೈಬಿಡುತ್ತದೆ. ದೊಡ್ಡ ವರದಿ ತಯಾರಿಸುವ ಪುಟಕ್ಕೆ 'ಪ್ರಾಕ್ಸಿ ರೀಡ್ ಟೈಮ್‌ಔಟ್' ಹೆಚ್ಚಿಸಬಹುದು. ಅದಕ್ಕಿಂತ ಆ ಕೆಲಸವನ್ನು ಹಿನ್ನೆಲೆಗೆ ಹಾಕುವುದು ಒಳ್ಳೆಯದು.

ವೆಬ್‌ಸಾಕೆಟ್ (ಎರಡೂ ಕಡೆಯವರು ಮಾತಾಡಲು ತೆರೆದೇ ಇಡುವ ಕನೆಕ್ಷನ್) ಬಳಸುತ್ತಿದ್ದರೆ 'ಅಪ್‌ಗ್ರೇಡ್' ಮತ್ತು 'ಕನೆಕ್ಷನ್' ಹೆಡರ್‌ಗಳನ್ನು ನೀವೇ ದಾಟಿಸಬೇಕು, ಎಚ್‌ಟಿಟಿಪಿ ಆವೃತ್ತಿ 1.1 ಎಂದು ಹೇಳಬೇಕು. ಚಾಟ್ ಸರಿಯಾಗಿ ಒಂದು ನಿಮಿಷಕ್ಕೆ ಕಡಿಯುತ್ತಿದ್ದರೆ ಅದು ಮೇಲಿನ 60 ಸೆಕೆಂಡ್‌ನದೇ ಕೆಲಸ. ಅರ್ಧ ನಿಮಿಷಕ್ಕೊಮ್ಮೆ ಪಿಂಗ್ ಕಳಿಸಿದರೆ ಸಾಕು.

ಉತ್ತರವನ್ನು ಪದಪದವಾಗಿ ಹರಿಸುವ ಆ್ಯಪ್‌ಗಳಲ್ಲಿ ಬಫರಿಂಗ್ ಉಲ್ಟಾ ಹೊಡೆಯುತ್ತದೆ. ಬಳಕೆದಾರನಿಗೆ ಏನೂ ಕಾಣದೆ, ಕೊನೆಗೆ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಆ ಉತ್ತರಕ್ಕೆ ಮಾತ್ರ ಆ್ಯಪ್‌ನಿಂದ 'ಎಕ್ಸ್-ಆ್ಯಕ್ಸೆಲ್-ಬಫರಿಂಗ್' ಹೆಡರ್‌ನಲ್ಲಿ 'ನೋ' ಎಂದು ಕಳಿಸಿ. ಇಡೀ ಸೈಟಿಗೆ ಬಫರಿಂಗ್ ಆಫ್ ಮಾಡಿದರೆ ಇಷ್ಟೆಲ್ಲ ಮಾಡಿದ್ದೇ ದಂಡ.

ಹಂತ 9: ಸರ್ಟಿಫಿಕೇಟ್

ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುತ್ತದೆ, ಸರ್ಟ್‌ಬಾಟ್ ಉಪಕರಣ ತಂದು ಕೂರಿಸುತ್ತದೆ. ಕೈಯಿಂದ ನವೀಕರಿಸುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಕೊಡುವವರು 2025ರಲ್ಲಿ ಒಪ್ಪಿಕೊಂಡ ನಿಯಮದಂತೆ, ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ ಹಂತಹಂತವಾಗಿ ಇಳಿದು 2029ರ ಮಾರ್ಚ್‌ಗೆ 47 ದಿನಕ್ಕೆ ಬರುತ್ತದೆ. ನವೀಕರಣವಾದ ಮೇಲೆ ಎಂಜಿನ್‌ಎಕ್ಸ್ ರೀಲೋಡ್ ಆಗುತ್ತಿದೆಯಾ ಎಂದೂ ಖಚಿತಪಡಿಸಿಕೊಳ್ಳಿ. ಡಿಸ್ಕ್‌ನಲ್ಲಿ ಹೊಸದು ಇದ್ದರೂ ಅದು ಮೆಮೊರಿಯಲ್ಲಿರುವ ಹಳೆಯದನ್ನೇ ತೋರಿಸುತ್ತಿರುತ್ತದೆ.

ಹಂತ 10: ಬೇಕೆಂದೇ ಕೆಡಿಸಿ ನೋಡಿ

ಆ್ಯಪ್ ಸರ್ವರ್ ನಿಲ್ಲಿಸಿ, ಬ್ರೌಸರ್‌ನಲ್ಲಿ ಪುಟ ತೆರೆಯಿರಿ. 502 ಬರಬೇಕು. ಈಗ ಎಂಜಿನ್‌ಎಕ್ಸ್‌ನ ಎರರ್ ಲಾಗ್‌ನ ಕೊನೆಯ ಸಾಲು ಓದಿ. ಅಲ್ಲಿ ಆವರಣದೊಳಗೆ ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್‌ನಲ್ಲಿ ಆ ಸಂಖ್ಯೆ ಅರ್ಧ ಕಥೆ ಹೇಳುತ್ತದೆ.

111 ಎಂದರೆ ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿಲ್ಲ. ಆ್ಯಪ್ ಸತ್ತಿದೆ ಅಥವಾ ಪೋರ್ಟ್ ತಪ್ಪು. 110 ಎಂದರೆ ಕಾದು ಸಾಕಾಯಿತು, ಇದು ಬಳಕೆದಾರನಿಗೆ 504 ಆಗಿ ಕಾಣುತ್ತದೆ. 104 ಎಂದರೆ ಆ್ಯಪ್ ಮಧ್ಯದಲ್ಲೇ ಕನೆಕ್ಷನ್ ಕಡಿದಿದೆ. 2 ಬಂದರೆ ನೀವು ಪೋರ್ಟ್ ಬದಲು ಕೊಟ್ಟ ಯುನಿಕ್ಸ್ ಸಾಕೆಟ್ ಫೈಲ್ ಆ ಜಾಗದಲ್ಲಿ ಇಲ್ಲ. 13 ಬಂದರೆ ಅನುಮತಿ ಇಲ್ಲ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ 13 ಕಂಡರೆ ಮೊದಲ ಅನುಮಾನ ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಏನು ಮಾಡಬಹುದು ಎಂದು ಕಾಯುವ ಭದ್ರತಾ ವ್ಯವಸ್ಥೆ) ಮೇಲಿರಲಿ. ಅಲ್ಲಿ ವೆಬ್ ಸರ್ವರ್ ಬೇರೆ ಪೋರ್ಟ್‌ಗೆ ಕನೆಕ್ಟ್ ಆಗುವುದನ್ನು ಮೊದಲಿನಿಂದಲೇ ತಡೆದಿರುತ್ತಾರೆ. 'ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್' ಎಂಬ ಸ್ವಿಚ್ ಅನ್ನು 'ಸೆಟ್‌ಸೆಬೂಲ್' ಕಮಾಂಡ್‌ನಿಂದ ಆನ್ ಮಾಡಿ, ಹೈಫನ್ ದೊಡ್ಡ ಪಿ ಸೇರಿಸುವುದು ಮರೆಯಬೇಡಿ, ಇಲ್ಲದಿದ್ದರೆ ಯಂತ್ರ ರೀಬೂಟ್ ಆದಾಗ ಮತ್ತೆ ಆಫ್ ಆಗುತ್ತದೆ. ಇದಕ್ಕಾಗಿ ಎಸ್‌ಇಲಿನಕ್ಸ್ ಅನ್ನೇ ಬಂದ್ ಮಾಡಬೇಡಿ.

ಆ್ಯಕ್ಸೆಸ್ ಲಾಗ್‌ನಲ್ಲಿ 499 ಕಂಡರೆ ಗಾಬರಿ ಬೇಡ. ಅದು ಎಂಜಿನ್‌ಎಕ್ಸ್ ತಾನೇ ಮಾಡಿಕೊಂಡ ಸಂಖ್ಯೆ, ಉತ್ತರ ಬರುವ ಮೊದಲೇ ಬಳಕೆದಾರ ಹೊರಟುಹೋದ ಎಂದರ್ಥ. ಒಂದೇ ಪುಟಕ್ಕೆ ಸಾಲುಸಾಲಾಗಿ ಬಂದರೆ ಆ ಪುಟ ನಿಧಾನ ಎಂದು ತಿಳಿಯಿರಿ.

ಆ್ಯಪ್ ಮತ್ತೆ ಶುರು ಮಾಡಿ. ಕೊನೆಯದಾಗಿ, ಬೇರೆ ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಯಂತ್ರದಿಂದ, ಮೊಬೈಲ್ ಡೇಟಾ ಆದರೂ ಸರಿ, ನಿಮ್ಮ ಸರ್ವರ್‌ನ ಐಪಿ ಮತ್ತು 8000 ಪೋರ್ಟ್ ಹಾಕಿ ತೆರೆದು ನೋಡಿ. ತೆರೆಯಬಾರದು. ತೆರೆಯಿತಾ? ಹಂತ 5ಕ್ಕೆ ವಾಪಸ್ ಹೋಗಿ, ಡಾಕರ್‌ನ ಸಾಲಿನಿಂದ ಶುರು ಮಾಡಿ.